ಒಂದು ಕ್ರಿಯಾಪದದೊಳಗೆ ಮೂರು ಮನೆತನ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಕೂಟದಲ್ಲಿ ಇಂಗ್ಲಿಷ್ ವ್ಯಾಕರಣದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕಾರಣ ಉಂಟು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಬಹುಮಂದಿ ದಿನಕ್ಕೆ ನಾಲ್ಕು ಸಾಲನ್ನಾದರೂ ಇಂಗ್ಲಿಷಿನಲ್ಲಿ ಬರೆಯಬೇಕಾದವರು. ರಜೆಯ ಅರ್ಜಿ, ಸರಕಿನ ಪಟ್ಟಿ, ಮೇಲಿನವರಿಗೆ ಒಂದು ವರದಿ, ಇಷ್ಟೇ. ಈ ನಾಲ್ಕು ಸಾಲಿನಲ್ಲಿ ನಮ್ಮವರ ಕಾಲು ಜಾರುವ ಜಾಗ ಹೆಚ್ಚಾಗಿ ಒಂದೇ: ‘ಆಮ್, ಈಸ್, ಆರ್, ವಾಸ್, ವರ್’. ಒಂದೋ ಅದು ಬಿಟ್ಟುಹೋಗುತ್ತದೆ, ಇಲ್ಲವೇ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಪಕ್ಕದ ಮೇಜಿನವರು ನಗುತ್ತಾರೆ. ಬರೆದವನು ‘ನನ್ನ ತಲೆಗೆ ಇದು ಹತ್ತದು’ ಎಂದು ಕೈಬಿಡುತ್ತಾನೆ. ಅದು ತಲೆಯ ದೋಷವಲ್ಲ, ಆ ಕ್ರಿಯಾಪದದ ಚರಿತ್ರೆಯೇ ಹಾಗಿದೆ ಎಂದು ತೋರಿಸುವುದು ಇಂದಿನ ನಮ್ಮ ಉದ್ದೇಶ.

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ‘ಅವನು ಗುಮಾಸ್ತ’, ‘ಇದು ನಮ್ಮ ಕೋಣೆ’. ವಾಕ್ಯ ಮುಗಿಯಿತು. ಕ್ರಿಯಾಪದವೇ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ನಿಲ್ಲಿಸುವಂತಿಲ್ಲ, ನಡುವೆ ‘ಈಸ್’ ಬರಲೇಬೇಕು. ಕನ್ನಡಿಗನು ಅದನ್ನು ಮರೆತರೆ ತಾಯ್ನುಡಿಯ ರೂಢಿ ಕೈಯಲ್ಲಿ ಉಳಿದಿದೆ ಎಂದಷ್ಟೇ ಅರ್ಥ.

ಇನ್ನು ರೂಪಗಳ ಮಾತು. ನಮ್ಮ ‘ಇರು’ ಧಾತುವಿನಿಂದ ಇರುತ್ತೇನೆ, ಇದ್ದೇನೆ, ಇದ್ದೆ, ಇದೆ ಎಂದು ಹೇಗೆ ಹೇಳಿದರೂ ಮೊದಲಿನ ‘ಇ’ಕಾರ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನ ಈ ಕ್ರಿಯಾಪದಕ್ಕೆ ಎಂಟು ರೂಪಗಳು: ಬೀ, ಆಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್. ‘ಬೀ’ ಎಂಬುದರಿಂದ ‘ಆಮ್’ ಹೇಗೆ ಹುಟ್ಟಿತು? ಹುಟ್ಟಲೇ ಇಲ್ಲ! ಮೂರು ಬೇರೆ ಬೇರೆ ಕ್ರಿಯಾಪದಗಳು ಒಂದು ಕಾಲಕ್ಕೆ ಒಂದೇ ಕೋಣೆಗೆ ಬಾಡಿಗೆಗೆ ಬಂದು, ಕೊನೆಗೆ ಒಂದೇ ಸಂಸಾರವಾಗಿ ಹೋದವು. ಆ ಮೂರನ್ನು ಒಂದೊಂದಾಗಿ ಗುರುತಿಸೋಣ.

ಇಂಗ್ಲಿಷ್, ಜರ್ಮನ್, ಡಚ್, ಡ್ಯಾನಿಷ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಇವೆಲ್ಲ ಜರ್ಮಾನಿಕ್ ಎಂಬ ಒಂದೇ ಬಳಗದ ಭಾಷೆಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಜರ್ಮಾನಿಕ್ ಬಳಗವೂ ಅದರಲ್ಲಿ ಸೇರಿರಬಹುದೆಂದು ಅವರು ಊಹಿಸಿದ್ದರು. 1816ರಲ್ಲಿ ಜರ್ಮನ್ ವಿದ್ವಾಂಸ ಫ್ರಾಂಜ್ ಬಾಪ್ ಈ ಭಾಷೆಗಳ ಕ್ರಿಯಾರೂಪಗಳನ್ನು ಸಾಲಾಗಿ ಹೋಲಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಲ್ಲೊಂದು ಎಚ್ಚರ ಬೇಕು. ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತು ಎಂದು ಯಾರೂ ತಿಳಿಯಬಾರದು. ಸಂಸ್ಕೃತವು ಅದಕ್ಕೆ ತಾಯಿಯಲ್ಲ, ವಯಸ್ಸಿನಲ್ಲಿ ಬಹಳ ಹಿರಿಯಳಾದ ದಾಯಾದಿ.

ಮೊದಲನೆಯ ಮನೆತನ ‘ಅಸ್’ ಧಾತುವಿನದು. ಸಂಸ್ಕೃತದಲ್ಲಿ ಅಸ್ಮಿ, ಅಸ್ತಿ, ಸಂತಿ. ಎಂದರೆ ಇದ್ದೇನೆ, ಇದೆ, ಇವೆ. ಜರ್ಮಾನಿಕ್ ಭಾಷೆಗಳಲ್ಲಿ ದೊಡ್ಡ ಗ್ರಂಥದ ರೂಪದಲ್ಲಿ ಉಳಿದಿರುವ ಅತಿ ಹಳೆಯದು ಗಾಥಿಕ್. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ಪರು ಆ ಭಾಷೆಗೆ ಬೈಬಲನ್ನು ತಂದರು. ಬೆಳ್ಳಿಯ ಮಸಿಯಲ್ಲಿ ಬರೆದ ಅದರ ಒಂದು ಪ್ರತಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇದೆ. ಆ ಗಾಥಿಕ್‌ನಲ್ಲಿ ಇದೇ ರೂಪಗಳು ಇಮ್, ಇಸ್ಟ್, ಸಿಂದ್. ಅಸ್ಮಿ ಮತ್ತು ಇಮ್, ಅಸ್ತಿ ಮತ್ತು ಇಸ್ಟ್, ಸಂತಿ ಮತ್ತು ಸಿಂದ್: ಜೊತೆಜೊತೆಯಾಗಿ ಇಟ್ಟು ನೋಡಿದರೆ ಮುಖಲಕ್ಷಣ ಒಂದೇ. ಜರ್ಮನ್ನರು ಇಂದಿಗೂ ‘ಇಸ್ಟ್’ ಎನ್ನುತ್ತಾರೆ. ‘ಇವೆ’ ಎಂಬುದಕ್ಕೆ ಬರೆಯುವುದು ‘ಸಿಂದ್’, ನುಡಿಯುವುದು ‘ಜಿಂಟ್’. ಇಂಗ್ಲಿಷಿನ ‘ಆಮ್’, ‘ಈಸ್’ ಈ ಮನೆಯವೇ. ‘ಅಸ್ತಿ’ ನಮಗೂ ಅಪರಿಚಿತವಲ್ಲ. ‘ಅಸ್ತಿ’ ಎನ್ನುವವನು ಆಸ್ತಿಕ, ‘ನ ಅಸ್ತಿ’ ಎನ್ನುವವನು ನಾಸ್ತಿಕ.

ಎರಡನೆಯದು ‘ಭೂ’ ಧಾತು, ಆಗು ಎಂಬ ಅರ್ಥದ್ದು. ಭವತಿ, ಭೂತ, ಭವಿಷ್ಯ, ಸಂಭವ ಎಲ್ಲವೂ ಇದರವು. ಇಂಗ್ಲಿಷಿನ ‘ಬೀ’, ಜರ್ಮನ್ನಿನ ‘ಬಿನ್’, ಡಚ್ಚಿನ ‘ಬೆನ್’ ಇದೇ ಮೂಲದವು. ಡ್ಯಾನಿಷ್, ಸ್ವೀಡಿಷ್ ಮುಂತಾದ ಉತ್ತರದ ಭಾಷೆಗಳು ‘ಇರು’ ಎಂಬ ಅರ್ಥದಲ್ಲಿ ಈ ಬಕಾರದ ರೂಪಗಳನ್ನು ಇಟ್ಟುಕೊಳ್ಳಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಆಮ್’ ಒಂದು ಕ್ರಿಯಾಪದ, ‘ಬೀ’ ಇನ್ನೊಂದು ಕ್ರಿಯಾಪದವಾಗಿ ಎರಡೂ ಬಳಕೆಯಲ್ಲಿದ್ದವು. ಮುಂದೆ ಆಗುವ ಮಾತಿಗೂ ಎಂದೆಂದಿಗೂ ನಿಜವಾದ ಮಾತಿಗೂ ‘ಬೀ’ ಹೆಚ್ಚಾಗಿ ಬರುತ್ತಿತ್ತು.

ಸಂಸ್ಕೃತದಲ್ಲೂ ಇಂಥ ಹೊಂದಾಣಿಕೆ ಉಂಟು. ‘ಅಸ್ತಿ’ಯ ಭವಿಷ್ಯ ರೂಪ ಬೇಕೆಂದರೆ ‘ಅಸ್’ ಮುಂದೆ ಹೋಗಲಾರದು, ‘ಭವಿಷ್ಯತಿ’ ಎನ್ನಬೇಕು. ಅಂಥ ಕಡೆಗಳಲ್ಲಿ ‘ಅಸ್’ ಬದಲು ‘ಭೂ’ ಬರಬೇಕೆಂದು ಪಾಣಿನಿಯು ಒಂದು ಸೂತ್ರವನ್ನೇ ಬರೆದಿದ್ದಾನೆ. ಪಾಣಿನಿಯ ಭಾಷೆಗೇ ಒಂದು ಧಾತು ಸಾಲದೆ ಬಂದಿರುವಾಗ ಇಂಗ್ಲಿಷನ್ನು ಮಾತ್ರ ಅಡ್ಡಾದಿಡ್ಡಿ ಭಾಷೆಯೆನ್ನುವುದು ನ್ಯಾಯವಲ್ಲ.

ಮೂರನೆಯದು ‘ವಸ್’ ಧಾತು, ತಂಗು, ನೆಲೆಸು ಎಂಬ ಅರ್ಥದ್ದು. ವಾಸ, ವಸತಿ, ನಿವಾಸ, ಪ್ರವಾಸ ಎಂದು ನಾವು ದಿನವೂ ಬಳಸುವ ಶಬ್ದಗಳು ಇದರಿಂದ ಬಂದವು. ಇಂಗ್ಲಿಷಿನ ‘ವಾಸ್’ ಈ ‘ವಸತಿ’ಯ ಸೋದರಸಂಬಂಧಿ. ಒಂದು ಕಡೆ ತಂಗಿದ್ದ ಎಂಬ ಅರ್ಥ ಸವೆದು ಸವೆದು ಬರೀ ‘ಇದ್ದ’ ಎಂದು ಉಳಿಯಿತು. ಡಚ್ಚಿನ ‘ವಾಸ್’, ಜರ್ಮನ್ನಿನ ‘ವಾರ್’, ಸ್ವೀಡಿಷ್ ಮತ್ತು ಐಸ್‌ಲ್ಯಾಂಡಿಕ್‌ನ ‘ವಾರ್’ ಎಲ್ಲವೂ ಇದೇ.

ಹಾಗಾದರೆ ಏಕವಚನದಲ್ಲಿ ‘ವಾಸ್’, ಬಹುವಚನದಲ್ಲಿ ‘ವರ್’ ಏಕೆ? ಸಕಾರವು ರೇಫವಾದುದು ಹೇಗೆ? ಇದನ್ನು ಬಿಡಿಸಿದವರು ಡೆನ್ಮಾರ್ಕಿನ ಕಾರ್ಲ್ ವರ್ನರ್. ಅವರ ಲೇಖನ ಅಚ್ಚಾದುದು 1877ರಲ್ಲಿ. ಅತಿ ಪ್ರಾಚೀನ ಕಾಲದಲ್ಲಿ ಈ ಕ್ರಿಯಾಪದದ ಏಕವಚನದಲ್ಲಿ ಉಚ್ಚಾರದ ಒತ್ತು ಧಾತುವಿನ ಮೇಲೆಯೂ ಬಹುವಚನದಲ್ಲಿ ಪ್ರತ್ಯಯದ ಮೇಲೆಯೂ ಬೀಳುತ್ತಿತ್ತು. ಒತ್ತು ಹಿಂದೆಯೇ ಇದ್ದಾಗ ಸಕಾರ ಗಟ್ಟಿಯಾಗಿ ನಿಂತಿತು. ಒತ್ತು ಮುಂದೆ ಸರಿದಾಗ ಅದು ಮೆತ್ತಗಾಗಿ, ಕಾಲಾಂತರದಲ್ಲಿ ರೇಫವಾಯಿತು. ಆ ಪ್ರಾಚೀನ ಒತ್ತಿನ ಜಾಗವನ್ನು ವರ್ನರ್ ಕಂಡುಕೊಂಡದ್ದು ವೇದಪಾಠದ ಸ್ವರಗಳ ನೆರವಿನಿಂದ. ನಮ್ಮ ವೈದಿಕರು ತಪ್ಪದೆ ಉಳಿಸಿಕೊಂಡು ಬಂದ ಉದಾತ್ತ ಸ್ವರವು ಯುರೋಪಿನ ಭಾಷೆಗಳ ಒಂದು ಗಂಟನ್ನು ಬಿಚ್ಚಿತು! ಜರ್ಮನ್ನರು ಮುಂದೆ ಏಕವಚನಕ್ಕೂ ರೇಫವನ್ನೇ ಹಚ್ಚಿ ವಾರ್, ವಾರೆನ್ ಎಂದು ಸರಿಮಾಡಿಕೊಂಡರು. ಇಂಗ್ಲಿಷಿನವರು ಹಳೆಯ ಭೇದವನ್ನು ಹಾಗೆಯೇ ಇಟ್ಟುಕೊಂಡರು.

ಇನ್ನು ‘ಆರ್’ ಎಂಬ ರೂಪ. ದಕ್ಷಿಣ ಇಂಗ್ಲೆಂಡಿನಲ್ಲಿ ಹಿಂದೆ ‘ಸಿಂದೊನ್’ ಎಂಬ ರೂಪವಿತ್ತು, ನಮ್ಮ ‘ಸಂತಿ’ಯ ನಂಟಸ್ತಿಕೆಯದು. ‘ಆರ್’ ಉತ್ತರ ಸೀಮೆಯ ಮಾತು. ಕ್ರಮೇಣ ಉತ್ತರದ ಮಾತೇ ದೇಶವೆಲ್ಲ ಹರಡಿ, ‘ಸಿಂದೊನ್’ ಅಳಿದುಹೋಯಿತು. ಇಂದು ಶುದ್ಧವೆನಿಸಿದ ರೂಪವು ಹಿಂದೆ ಒಂದು ಸೀಮೆಯ ಹಳ್ಳಿಯ ಮಾತಾಗಿತ್ತು ಎಂಬುದನ್ನು ತಾವು ಗಮನಿಸಬೇಕು.

ಇಷ್ಟಕ್ಕೂ ಈ ಗೊಂದಲವನ್ನು ಆ ಬಳಗದವರೆಲ್ಲ ಉಳಿಸಿಕೊಂಡಿಲ್ಲ. ಇಂದಿನ ಸ್ವೀಡಿಷ್ ಮತ್ತು ಡ್ಯಾನಿಷ್‌ಗಳಲ್ಲಿ ನಾನು, ನೀನು, ಅವರು ಎಲ್ಲಕ್ಕೂ ವರ್ತಮಾನದಲ್ಲಿ ಒಂದೇ ರೂಪ. ಡಚ್ಚಿನ ಮಗಳಾಗಿ ದಕ್ಷಿಣ ಆಫ್ರಿಕದಲ್ಲಿ ಬೆಳೆದ ಆಫ್ರಿಕಾನ್ಸ್ ಭಾಷೆಯಲ್ಲಿ ‘ನಾನು’ ಎಂಬುದಕ್ಕೂ ‘ನಾವು’ ಎಂಬುದಕ್ಕೂ ‘ಇಸ್’ ಒಂದೇ ಸಾಕು. ನಮ್ಮ ಹುಡುಗನೊಬ್ಬನು ಇಂಗ್ಲಿಷಿನಲ್ಲಿ ‘ಐ ಈಸ್’ ಎಂದರೆ ನಗೆಯಾಗುತ್ತದೆ. ಅಂಥದೇ ರಚನೆ ಅಲ್ಲಿ ಪಾಠಪುಸ್ತಕದ ಶುದ್ಧ ವಾಕ್ಯ. ಆದುದರಿಂದ ಇಂಥ ತಪ್ಪು ಬುದ್ಧಿಯ ಅಳತೆಗೋಲಲ್ಲ. ಒಂದು ದೇಶದ ರೂಢಿ ಇನ್ನೂ ಪರಿಚಯವಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೂ ಅವರ ಭಾಷೆಯಲ್ಲಿ ಬರೆಯುವಾಗ ಅವರ ರೂಢಿಯನ್ನು ಕಲಿತೇ ಬರೆಯಬೇಕು. ಅದರಲ್ಲಿ ಬಿನ್ನಾಣವೇನೂ ಸಲ್ಲದು.

ಕೊನೆಗೆ ನಮ್ಮ ‘ಇರು’. ಅದು ಈ ಮೂರು ಮನೆತನಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಅದರ ಒಡಹುಟ್ಟು ತಮಿಳಿನ ‘ಇರು’, ಮಲಯಾಳದ ‘ಇರಿ’. ನಮ್ಮ ‘ಉಂಟು’ ಎಂಬುದಕ್ಕೆ ತಮಿಳಿನಲ್ಲೂ ತೆಲುಗಿನಲ್ಲೂ ‘ಉಂಡು’ ಎಂಬ ಜೋಡಿಗಳಿವೆ. ಬಾಪ್ ಅವರ ಗ್ರಂಥ ಬಂದ 1816ರಲ್ಲೇ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ಅವರು ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಟುಂಬ ಎಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಸ್ಥಾಪಿಸಿದರು. ‘ವಸತಿ’ ‘ಭವಿಷ್ಯ’ಗಳನ್ನು ನಾವು ಸಂಸ್ಕೃತದಿಂದ ತಂದುಕೊಂಡೆವು. ‘ಇರು’ ನಮ್ಮ ಸ್ವಂತ ಗಳಿಕೆ.

ಬಂಧುಗಳೇ, ತಪ್ಪಿದವನನ್ನು ನಗುವ ಬದಲು ಪಕ್ಕಕ್ಕೆ ಕರೆದು ತಿದ್ದುವ ರೂಢಿ ನಮ್ಮ ಈ ಕೋಣೆಯಲ್ಲಾದರೂ ಬೆಳೆಯಲಿ. ವ್ಯಾಕರಣದ ಪುಸ್ತಕವನ್ನು ಹೆದರದೆ ಕೈಗೆತ್ತಿಕೊಳ್ಳಿ.