ಗರ್ಭಕೋಶದ ಗಡ್ಡೆಗಳು: ಸೂಕ್ಷ್ಮದರ್ಶಕದಿಂದ ಜೀನ್‌ವರೆಗೆ



ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತಸ್ರಾವ ಕಂಡ ಹೆಂಗಸಿನ ಬಯಾಪ್ಸಿ ಪೆಥಾಲಜಿಸ್ಟರಾದ ನಮ್ಮ ಕೈಗೆ ಬಂದಾಗ, ಇದು ಕ್ಯಾನ್ಸರೋ ಅಲ್ಲವೋ ಎಂದು ಹೇಳಿದರೆ ನಮ್ಮ ಕೆಲಸ ಅರ್ಧ ಮಾತ್ರ ಮುಗಿದಂತೆ. ಯಾವ ಕ್ಯಾನ್ಸರ್ ಎಂಬುದರ ಮೇಲೆ ಆಕೆಯ ಮುಂದಿನ ಚಿಕಿತ್ಸೆ ನಿಂತಿದೆ.

ಗರ್ಭಕೋಶದ ಒಳಪದರದ ಕ್ಯಾನ್ಸರನ್ನು 1983ರಲ್ಲಿ ಸಂಶೋಧಕ ಬೋಕ್‌ಮನ್ ಎರಡು ಬಗೆಯಾಗಿ ವಿಂಗಡಿಸಿದರು. ಬೊಜ್ಜು ಮತ್ತು ಈಸ್ಟ್ರೋಜೆನ್ ಹೆಚ್ಚಳದ ನಂಟಿರುವ ಸೌಮ್ಯ ಬಗೆ ಒಂದು, ಆ ನಂಟಿಲ್ಲದ ಉಗ್ರ ಬಗೆ ಇನ್ನೊಂದು. ಮೂವತ್ತು ವರ್ಷ ಇದೇ ಪಾಠ ನಡೆಯಿತು. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 373 ಗಡ್ಡೆಗಳನ್ನು ಜೀನ್ ಮಟ್ಟದಲ್ಲಿ ಪರೀಕ್ಷಿಸಿ ನಾಲ್ಕು ಗುಂಪುಗಳನ್ನು ಗುರುತಿಸಿತು. ಅವುಗಳಲ್ಲಿ ಎರಡು ನಮ್ಮ ಕಣ್ಣಿನ ಅಂದಾಜನ್ನು ತಲೆಕೆಳಗು ಮಾಡಿದವು. ಸ್ಲೈಡಿನಲ್ಲಿ ಮೂರನೇ ದರ್ಜೆಯ ಉಗ್ರ ಗಡ್ಡೆಯಂತೆ ಕಂಡದ್ದರಲ್ಲಿ ಪೋಲ್-ಇ ಜೀನಿನ ರೋಗಕಾರಕ ಬದಲಾವಣೆ ಇದ್ದರೆ ರೋಗಿ ಬಹುಪಾಲು ಚೆನ್ನಾಗಿ ಬದುಕುತ್ತಾಳೆ. ಸಾಧಾರಣವಾಗಿ ಕಂಡದ್ದರಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಪಿ53 ಕೆಟ್ಟಿದ್ದರೆ ಅದು ಅಪಾಯದ ಗಡ್ಡೆ. ನಮ್ಮ ಕಣ್ಣನ್ನೇ ನೆಚ್ಚಿದ್ದ ದಿನಗಳಲ್ಲಿ ಮೊದಲನೆಯವಳಿಗೆ ಬೇಡದ ಚಿಕಿತ್ಸೆ ಸಿಕ್ಕಿರಬಹುದು, ಎರಡನೆಯವಳಿಗೆ ಬೇಕಾದದ್ದು ತಪ್ಪಿರಬಹುದು. ಇದು ನನ್ನನ್ನು ಕಾಡುತ್ತದೆ.

ಈ ತಿಳಿವು 2020ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣಕ್ಕೆ ಬಂತು, 2023ರ ಫಿಗೊ (ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ) ಹಂತನಿರ್ಣಯಕ್ಕೂ ಬಂತು. ಈಗ ಗರ್ಭಕೋಶ ದಾಟದ ಪೋಲ್-ಇ ಗಡ್ಡೆ ಒಂದನೇ ಹಂತದ ಕೆಳಮೆಟ್ಟಿಲಿಗೆ ಇಳಿಯುತ್ತದೆ; ಪಿ53 ಕೆಟ್ಟ ಗಡ್ಡೆ ಸ್ನಾಯುಪದರಕ್ಕೆ ತುಸುವೇ ನುಗ್ಗಿದ್ದರೂ ಎರಡನೇ ಹಂತಕ್ಕೆ ಏರುತ್ತದೆ.

ಇನ್ನೊಂದು ಗುಂಪು ಡಿಎನ್‌ಎ ದುರಸ್ತಿ ಪ್ರೋಟೀನುಗಳು ಕಾಣೆಯಾದ ಗಡ್ಡೆಗಳದು. ಇವುಗಳಲ್ಲಿ ಕೆಲವುಗಳ ಹಿಂದೆ ವಂಶಪಾರಂಪರ್ಯವಾಗಿ ಬರುವ ಲಿಂಚ್ ಸಿಂಡ್ರೋಮ್ ಇರುತ್ತದೆ. ಹಾಗಿದ್ದರೆ ಆಕೆಯ ಒಡಹುಟ್ಟಿದವರಿಗೂ ಮಕ್ಕಳಿಗೂ ದೊಡ್ಡಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಒಂದು ವರದಿಯಿಂದ ಇಡೀ ಕುಟುಂಬವನ್ನು ಎಚ್ಚರಿಸುವ ಅವಕಾಶ ನಮ್ಮ ವೃತ್ತಿಯಲ್ಲಿ ಪದೇಪದೇ ಸಿಗುವುದಿಲ್ಲ. ಇಮ್ಯುನೊಥೆರಪಿ ಹೆಚ್ಚು ಫಲ ಕೊಡುವುದೂ ಇದೇ ಗುಂಪಿನಲ್ಲಿ.

ಸ್ನಾಯುಪದರದ ಗಡ್ಡೆಗಳ ಬಗ್ಗೆ ಒಂದೇ ಮಾತು. ಫೈಬ್ರಾಯ್ಡ್ ಎಂದು ತೆಗೆದದ್ದರಲ್ಲಿ ಅಪರೂಪಕ್ಕೆ ಸಾರ್ಕೋಮಾ ಅಡಗಿರುತ್ತದೆ. ತೆಗೆದ ಯಾವ ಗರ್ಭಕೋಶವೂ ಪರೀಕ್ಷೆಯಾಗದೆ ಹೋಗಬಾರದು.

ಇಷ್ಟೆಲ್ಲ ಹೊಸ ವಿದ್ಯೆ ನಿಂತಿರುವುದು ಹಳೆಯ ಶಿಸ್ತಿನ ಮೇಲೆ. ಗರ್ಭಕೋಶವನ್ನು ಸೀಳದೆ, ಸಾಲದಷ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿದರೆ ಒಳಗಿನ ಅಂಗಾಂಶ ಕೊಳೆಯುತ್ತದೆ. ಆಮೇಲೆ ಪಿ53 ಬಣ್ಣವನ್ನೂ ನಂಬುವಂತಿಲ್ಲ, ಜೀನ್ ಪರೀಕ್ಷೆಯನ್ನೂ ನಂಬುವಂತಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಸಿಬ್ಬಂದಿಗೆ ಇದನ್ನು ಕಲಿಸುವ ಹೊಣೆ ನಮ್ಮದೇ. ಚಿಕ್ಕ ಬಯಾಪ್ಸಿಯೊಳಗೆ ಫಾರ್ಮಲಿನ್ ಬೇಗ ಇಳಿಯುವುದರಿಂದ ಪರೀಕ್ಷೆಗಳನ್ನು ಅದರ ಮೇಲೆಯೇ ಮಾಡುವುದು ಲೇಸು.

ಪಿ53 ಮತ್ತು ದುರಸ್ತಿ ಪ್ರೋಟೀನುಗಳ ಬಣ್ಣ ಹಾಕುವ ಕೆಲಸವನ್ನು ಜಿಲ್ಲಾ ಮಟ್ಟದ ವೈದ್ಯಕೀಯ ಕಾಲೇಜುಗಳಲ್ಲಿ ಈಗಲೇ ಶುರು ಮಾಡಬಹುದು ಎಂಬುದು ನನ್ನ ದೃಢ ಅಭಿಪ್ರಾಯ. ಪೋಲ್-ಇ ಪರೀಕ್ಷೆಗೆ ಯಾರ ಬ್ಲಾಕನ್ನು ದೊಡ್ಡ ಕೇಂದ್ರಕ್ಕೆ ಕಳಿಸಬೇಕು, ಆ ಖರ್ಚು ರೋಗಿಯ ಮನೆಯವರ ಮೇಲೆ ಬೀಳದಂತೆ ಯಾವ ಏರ್ಪಾಡು ಬೇಕು ಎಂಬುದನ್ನು ಇಂದಿನ ಗೋಷ್ಠಿಗಳು ಚರ್ಚಿಸಿ, ಸಂಜೆಯೊಳಗೆ ಬರಹರೂಪದ ಶಿಫಾರಸು ಕೊಡಬೇಕೆಂದು ಕೋರುತ್ತೇನೆ.