ಫ್ಯಾನಿನ ಗುಂಡಿ, ಮೈಕ್ರೋಸ್ಕೋಪಿನ ದೀಪ

(ಗೋವಾದ ಝುವಾರಿನಗರದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಊರು ಬಿಟ್ಟು ಗೋವಾಕ್ಕೆ ದುಡಿಯೋಕೆ ಬಂದವರು ನಾವು. ಕಟ್ಟಡದ ಕೆಲಸ ಇದ್ದಲ್ಲಿ ನೀರು ನಿಲ್ಲುತ್ತದೆ. ಟಾಕಿ, ಡ್ರಮ್ಮು, ಸ್ಲ್ಯಾಬಿನ ಮೇಲೆ ಕಟ್ಟಿದ ನೀರು. ಪೇಟೆಯ ಮಲೇರಿಯಾ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. 1986ರಲ್ಲಿ ಪಣಜಿಯಲ್ಲಿ ಮಲೇರಿಯಾ ಹಬ್ಬಿತು. ಆಮೇಲೆ ವರ್ಷಗಟ್ಟಲೆ ನಮ್ಮಂಥ ಕೂಲಿಯವರನ್ನು ಕಾಡಿತು.

ಚಳಿಜ್ವರ ಬಂದರೆ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಸಣ್ಣದನ್ನು ದೊಡ್ಡದಾಗಿ ತೋರಿಸುವ ಯಂತ್ರ ಅದು. ರಕ್ತದ ಕೆಂಪು ಕಣ ಎಷ್ಟು ಸಣ್ಣದು ಗೊತ್ತಾ? ಒಂದು ಮಿಲಿಮೀಟರಿನಲ್ಲಿ ಸುಮಾರು 140 ಕಣ ಸಾಲಾಗಿ ಕೂರುತ್ತವೆ. ರೋಗಾಣು ಆ ಕಣದ ಒಳಗಿರುತ್ತದೆ! ಸಾವಿರ ಪಟ್ಟು ದೊಡ್ಡದು ಮಾಡಿದಾಗ ಬೆಳಕು ಜೋರು ಬೇಕು. ನೂರು ಪಟ್ಟಿಗೆ ಅದೇ ಬೆಳಕು ಕಣ್ಣು ಕುಕ್ಕುತ್ತದೆ. ಅದಕ್ಕೇ ಬೆಳಕು ಹೆಚ್ಚು ಕಡಿಮೆ ಮಾಡೋ ಗುಂಡಿ ಇರುತ್ತದೆ.

ಒಂದು ಮಳೆಗಾಲ ಹತ್ತಿರದ ಲ್ಯಾಬಿನಲ್ಲಿ ಆ ಗುಂಡಿಯ ಸರ್ಕ್ಯೂಟ್ ಸುಟ್ಟುಹೋಯಿತು. ದೀಪ ಹತ್ತಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡರಲ್ಲ, ಆ ಕಾಲದ ಮೈಕ್ರೋಸ್ಕೋಪಿಗೆ ಕನ್ನಡಿಯೇ ಬೆಳಕು ಹಾಯಿಸುತ್ತಿತ್ತು. ಇದಕ್ಕೆ ಕನ್ನಡಿ ಇಲ್ಲ. ಇದ್ದರೂ ಹೊರಗೆ ಬರೀ ಮೋಡ.

ಆ ದಿನ ನಮ್ಮ ಕೇಂದ್ರದ ಅಕ್ಕನೊಬ್ಬರ ಮಗ, ಎಂಟು ವರ್ಷದವನು, ನಡುಗುತ್ತಾ ಮಲಗಿದ್ದ. ಅವನ ರಕ್ತದ ಗಾಜು ಮೇಜಿನ ಮೇಲೇ ಇತ್ತು.

ಇಲ್ಲಿ ಕಲಿಯೋಕೆ ಬರುವ ವೈರಿಂಗ್ ಅಣ್ಣನನ್ನು ಕರೆದುಕೊಂಡು ಹೋದೆ. ಅವರು ಪ್ಲಗ್ ಕಿತ್ತು, ತಳ ಬಿಚ್ಚಿದರು. 230 ವೋಲ್ಟನ್ನು 6 ವೋಲ್ಟ್ ಮಾಡುವ ಟ್ರಾನ್ಸ್‌ಫಾರ್ಮರ್ ಚೆನ್ನಾಗಿತ್ತು. 20 ವ್ಯಾಟಿನ ಬಲ್ಬೂ ಚೆನ್ನಾಗಿತ್ತು. "ಸುಟ್ಟಿದ್ದು ಇದೊಂದೇ ರೀ. ಫ್ಯಾನಿನ ರೆಗ್ಯುಲೇಟರ್ ಇದ್ದಂಗೇ ಐತಿ" ಅಂದರು.

ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಟ್ರಯಾಕ್ ಅನ್ನೋ ಮೂರು ಕಾಲಿನ ಭಾಗ ಇರುತ್ತದೆ. ಅದು ಬಾಗಿಲು ಇದ್ದ ಹಾಗೆ. ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಗುಂಡಿ ತಿರುಗಿಸಿದರೆ ಬಾಗಿಲು ತಡವಾಗಿ ತೆರೆಯುತ್ತದೆ. ಕರೆಂಟ್ ಕಡಿಮೆ ಹೋಗುತ್ತದೆ, ದೀಪ ಮಂದವಾಗುತ್ತದೆ. ಬರೀ ಬಲ್ಬಿಗೆ ಮಾಡಿದ ಡಿಮ್ಮರ್ ಬೇಡ ಅಂದರು ಅಣ್ಣ. ಟ್ರಾನ್ಸ್‌ಫಾರ್ಮರೂ ಫ್ಯಾನಿನ ಹಾಗೆ ತಂತಿ ಸುತ್ತಿದ್ದು, ಅದಕ್ಕೆ ಫ್ಯಾನಿನದೇ ಸರಿ. ಟ್ರಾನ್ಸ್‌ಫಾರ್ಮರಿಗೆ ಹೋಗುವ 230 ವೋಲ್ಟಿನ ತಂತಿಗೆ ಅದನ್ನು ಸೇರಿಸಿ, ಜೊತೆಗೊಂದು ಫ್ಯೂಸ್ ಹಾಕಿದರು. ಇದು ಜೀವ ತೆಗೆಯೋ ಕರೆಂಟು. ಕೆಲಸ ಬಲ್ಲವರೇ ಮಾಡಬೇಕು, ನೀವು ಕೈ ಹಾಕಬೇಡಿ. ಎಲ್‌ಇಡಿ ದೀಪದ ಮೈಕ್ರೋಸ್ಕೋಪಿಗೆ ಈ ಉಪಾಯ ಒಗ್ಗುವುದಿಲ್ಲ.

ಸಂಜೆ ದೀಪ ಹತ್ತಿತು. ಹುಡುಗನ ರಕ್ತದಲ್ಲಿ ವೈವ್ಯಾಕ್ಸ್ ಮಲೇರಿಯಾ ಕಂಡಿತು. ಡಾಕ್ಟರು ಕ್ಲೋರೋಕ್ವಿನ್ 3 ದಿನ, ಪ್ರಿಮಾಕ್ವಿನ್ 14 ದಿನ ಅಂತ ಬರೆದರು. ಜ್ವರ ಬೇಗ ಬಿಟ್ಟಿತು. ಆದರೂ ಅವನ ತಾಯಿ ಮಾತ್ರೆ ಬಿಡಿಸಲಿಲ್ಲ. ಕ್ಯಾಲೆಂಡರಿನಲ್ಲಿ ದಿನಾ ಒಂದು ಅಂಕಿ ಬರೆದರು. 14ರವರೆಗೂ ಬರೆದರು. 4 ಮಾತ್ರ ಒಂದು ಕಡೆ ತಿರುಗಾ ಮುರುಗಾ ಆಗಿತ್ತು.