ಈಜುವ ಚಡ್ಡಿ: ಅಂದವೂ ಇರಲಿ, ಕಣ್ಣಿಗೂ ಕಾಣಲಿ



ವಾರ್ಷಿಕ ಪರೀಕ್ಷೆ ಮುಗಿದ ಮರುದಿನ ನರಗುಂದದ ಹುಡುಗರು ಎಲ್ಲಿರುತ್ತಾರೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಗುಡ್ಡದ ಕಲ್ಲು ಕಾದು ಹಂಚಾಗಿರುತ್ತದೆ. ಎರೆಹೊಲ ಬಿರಿದು ಬಾಯಿ ತೆರೆದಿರುತ್ತದೆ. ಬಾವಿ, ಕೆರೆ, ಕೃಷಿಹೊಂಡ, ನೀರು ಬಿಟ್ಟಿದ್ದರೆ ಮಲಪ್ರಭೆಯ ಕಾಲುವೆ, ಹೀಗೆ ನೀರು ಕಂಡಲ್ಲಿ ಕಾಲು ತಾನಾಗಿ ಓಡುತ್ತದೆ. ಇವತ್ತು ನಾನು ಮಾತನಾಡುವುದು ಆ ನೀರಿಗೆ ಇಳಿಯುವಾಗ ಉಡುವ ಚಡ್ಡಿಯ ಬಗ್ಗೆ. ನಗಬೇಡಿ. ವಿಷಯ ಸಣ್ಣದಾಗಿ ಕಂಡರೂ ಇದರಲ್ಲಿ ಭೌತಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ, ಕೆಲವೊಮ್ಮೆ ಜೀವವೂ ಇದೆ.

ನಮ್ಮ ಹಿರಿಯರಿಗೆ ಆಯ್ಕೆಯ ತೊಂದರೆ ಇರಲಿಲ್ಲ. ಗರಡಿಮನೆಯ ಲಂಗೋಟಿ, ಇಲ್ಲವೆ ಪಟ್ಟಾಪಟ್ಟಿ ಚಣ್ಣ, ಅಷ್ಟೆ. ಈಜುವವನ ದೃಷ್ಟಿಯಿಂದ ನೋಡಿದರೆ ಲಂಗೋಟಿ ಬಹಳ ಜಾಣ ಉಡುಪು. ಮೈಗೆ ಬಿಗಿಯಾಗಿ ಕೂಡುತ್ತದೆ, ಗಾಳಿ ತುಂಬಿಕೊಳ್ಳುವುದಿಲ್ಲ, ಮುಳ್ಳುಕಂಟಿಗೆ ಸಿಕ್ಕಿಕೊಳ್ಳುವ ಸಡಿಲ ಬಟ್ಟೆ ಅದರಲ್ಲಿಲ್ಲ. ಅದೇ ಕಾಲದಲ್ಲಿ ಯುರೋಪಿನ ಗಂಡಸರು ಎದೆ ಮುಚ್ಚುವ ಉಣ್ಣೆಯ ಉಡುಪು ತೊಟ್ಟು ಈಜುತ್ತಿದ್ದರು! ನೆಂದ ಉಣ್ಣೆ ಜೋತುಬೀಳುತ್ತಿತ್ತು. ಒಲಿಂಪಿಕ್ ಈಜುಗಾರರು ಕೂಡ 1930ರ ದಶಕದ ಮಧ್ಯದ ಹೊತ್ತಿಗೆ ಮಾತ್ರ ಎದೆ ತೆರೆದು ಬರಿಯ ಚಡ್ಡಿಯಲ್ಲಿ ನೀರಿಗಿಳಿಯತೊಡಗಿದರು.

ಅಲ್ಲಿಂದ ಬಟ್ಟೆಯ ಚರಿತ್ರೆ ವೇಗವಾಗಿ ಓಡಿತು. 1935ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೈಲಾನ್ ತಯಾರಾಯಿತು. 1958ರಲ್ಲಿ ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಬಂತು. ಅದನ್ನೇ ಅಂಗಡಿಯಲ್ಲಿ ಲೈಕ್ರಾ ಎಂದು ಮಾರುತ್ತಾರೆ. 2008 ಮತ್ತು 2009ರಲ್ಲಿ ಪಾಲಿಯುರೆಥೇನ್ ಹಾಕಿದ ಉದ್ದ ಉಡುಪುಗಳು ಎಷ್ಟು ದಾಖಲೆ ಮುರಿದವೆಂದರೆ, ಗೆದ್ದದ್ದು ಈಜುಗಾರನೋ ಬಟ್ಟೆಯೋ ಎಂಬ ಜಗಳ ಎದ್ದಿತು. ಕೊನೆಗೆ 2010ರ ಜನವರಿ 1ರಿಂದ ಅಂತರರಾಷ್ಟ್ರೀಯ ಈಜು ಸಂಸ್ಥೆ ಹೊಸ ನಿಯಮ ತಂದಿತು: ಈಜುಕೊಳದ ಸ್ಪರ್ಧೆಯಲ್ಲಿ ಗಂಡಸರ ಉಡುಪು ಹೊಕ್ಕುಳಿಗಿಂತ ಮೇಲಿರಬಾರದು, ಮೊಣಕಾಲಿಗಿಂತ ಕೆಳಗೆ ಬರಬಾರದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ಶ್ರೀಹರಿ ನಟರಾಜ್ ಅವರಿಗೂ ಇದೇ ನಿಯಮ. ಹೊಕ್ಕುಳಿನಿಂದ ಮೊಣಕಾಲು ಎಂದರೆ ನಮ್ಮ ಅಜ್ಜನ ಚಣ್ಣದ ಅಳತೆಯೇ ಸರಿ.

ಈಗ ಅಂಗಡಿಗೆ ಬರೋಣ. ಮೊದಲು ನೋಡಬೇಕಾದದ್ದು ಬಟ್ಟೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿನೂಲು ಸುಮಾರು 8 ಗ್ರಾಂ ತೇವ ಹೀರಿಕೊಂಡಿರುತ್ತದೆ. ನೈಲಾನ್ ಸುಮಾರು 4 ಗ್ರಾಂ, ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಹಾಗಾಗಿ ಪಾಲಿಯೆಸ್ಟರ್ ಚಡ್ಡಿ ಝಾಡಿಸಿದರೆ ಅರ್ಧ ಒಣಗುತ್ತದೆ, ಹತ್ತಿಯದು ಸಂಜೆಯವರೆಗೂ ತೊಟ್ಟಿಕ್ಕುತ್ತದೆ. ಜೀನ್ಸ್ ಪ್ಯಾಂಟಿನ ಮಾತು ಬೇಡವೇ ಬೇಡ. ನಂಬಿಕೆ ಬಾರದಿದ್ದರೆ ಮನೆಯಲ್ಲಿ ಒಂದು ಹಳೆಯ ಜೀನ್ಸನ್ನು ಒಣಗಿದ್ದಾಗ ಒಮ್ಮೆ, ನೆನೆಸಿದ ಮೇಲೆ ಒಮ್ಮೆ ತಕ್ಕಡಿಗೆ ಹಾಕಿ ನೋಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನೆಂದ ಬಟ್ಟೆ ಭಾರವಾಗಿ ನಮ್ಮನ್ನು ತಳಕ್ಕೆ ಎಳೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಆರ್ಕಿಮಿಡೀಸನ ತತ್ವ ನೆನಪು ಮಾಡಿಕೊಳ್ಳಿ. ಬಟ್ಟೆಯೊಳಗಿನ ನೀರಿಗೆ ನೀರಿನಲ್ಲಿ ಇರುವವರೆಗೆ ಭಾರವೇ ಇಲ್ಲ. ಕಷ್ಟ ಬೇರೆ ಎರಡು ಕಡೆ ಇದೆ. ಸಡಿಲ ಬಟ್ಟೆ ಕಾಲು ಬಡಿಯುವಾಗ ನೀರನ್ನು ತಡೆದು ಹಿಂದಕ್ಕೆ ಎಳೆಯುತ್ತದೆ, ಬೇಗ ದಣಿಸುತ್ತದೆ. ದಣಿದವನು ದಂಡೆ ಹಿಡಿದು ಮೇಲೇಳಲು ಹೋದ ಗಳಿಗೆಯಲ್ಲಿ, ಅಲ್ಲಿಯವರೆಗೆ ಇಲ್ಲದಿದ್ದ ಆ ನೀರಿನ ಭಾರವೆಲ್ಲ ಒಮ್ಮೆಲೆ ಸೊಂಟಕ್ಕೆ ಬೀಳುತ್ತದೆ. ಕಾಲುವೆಯ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲಂತೂ ಬೆರಳು ನಿಲ್ಲುವುದಿಲ್ಲ. ಈಜು ಬಲ್ಲವರೂ ಸೋಲುವ ಜಾಗ ಅದು. ಹೊಂಡ ಮತ್ತು ಹರಿಯುವ ಕಾಲುವೆ ಈಜುವ ಸ್ಥಳಗಳಲ್ಲ ಎಂದು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎಂಥ ಚಡ್ಡಿ ತೊಟ್ಟರೂ ಆ ಮಾತು ಬದಲಾಗುವುದಿಲ್ಲ.

ಎರಡನೆಯದು ಬಣ್ಣ. ಅಂದಚೆಂದದ ಚರ್ಚೆ ನಡೆಯುವುದು ಇಲ್ಲಿಯೇ. ಗೆಳೆಯರ ನಡುವೆ ಕಪ್ಪು, ಕಡುನೀಲಿ ಬಣ್ಣಕ್ಕೆ ಬಹಳ ಮಾನ. ತಿಳಿನೀಲಿಯೂ ನೋಡಲು ತಂಪು. ಆದರೆ ನೀಲಿ ಹಾಸುಗಲ್ಲಿನ ಈಜುಕೊಳದಲ್ಲಿ ತಿಳಿನೀಲಿ ಚಡ್ಡಿ ತಳದೊಡನೆ ಒಂದಾಗಿ ಮಾಯವಾಗುತ್ತದೆ. ನಮ್ಮ ಎರೆಮಣ್ಣಿನ ರಾಡಿನೀರಿನಲ್ಲಿ ಕಪ್ಪು, ಕಂದು, ಕಡುನೀಲಿ ಒಂದು ಮೊಳ ಆಳಕ್ಕೇ ಕಾಣುವುದಿಲ್ಲ. ಬಕೆಟ್ಟಿನಲ್ಲಿ ಸ್ವಲ್ಪ ಎರೆಮಣ್ಣು ಕದಡಿ ಬಣ್ಣಬಣ್ಣದ ಬಟ್ಟೆ ಚೂರುಗಳನ್ನು ಒಂದೊಂದಾಗಿ ಮುಳುಗಿಸಿ ನೋಡಿ. ಕೊನೆಯವರೆಗೆ ಕಣ್ಣಿಗೆ ಬೀಳುವುದು ಹೊಳೆಯುವ ಕಿತ್ತಳೆ, ಮಿಂಚುವ ಹಳದಿ-ಹಸಿರು. ರಸ್ತೆ ಕೆಲಸದವರ ಅಂಗಿಯಲ್ಲಿ ಇರುವ ಬಣ್ಣಗಳೇ ಅವು. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ನೀಲಿ ಬೆಳಕನ್ನೂ ಹೀರಿ, ಕಾಣುವ ಬೆಳಕಾಗಿ ತಿರುಗಿ ಕೊಡುವ ಗುಣ ಅವುಗಳಲ್ಲಿದೆ. ಮುಳುಗಿದವನನ್ನು ಹುಡುಕುವವರಿಗೆ ಒಂದೊಂದು ನಿಮಿಷವೂ ದೊಡ್ಡದು. ನನ್ನನ್ನು ಕೇಳಿದರೆ ಈಜುವವನ ಮೇಲೆ ಕಿತ್ತಳೆಗಿಂತ ಚೆಂದದ ಬಣ್ಣ ಇಲ್ಲ. ಗೆಳೆಯರು ಮೊದಲ ದಿನ ಚೇಷ್ಟೆ ಮಾಡುತ್ತಾರೆ, ಮರುವಾರ ತಾವೂ ಕೊಳ್ಳುತ್ತಾರೆ.

ಉಳಿದವು ಸಣ್ಣ ಸಂಗತಿಗಳು. ಸೊಂಟಕ್ಕೆ ಇಲಾಸ್ಟಿಕ್ ಮಾತ್ರ ಸಾಲದು, ಒಳಗೆ ಲಾಡಿ ಇರಲಿ. ಮೇಲಿನಿಂದ ಜಿಗಿದಾಗ ಲಾಡಿ ಇಲ್ಲದ ಚಡ್ಡಿ ಎಲ್ಲಿ ಉಳಿಯುತ್ತದೆಂದು ಅನುಭವಸ್ಥರನ್ನು ಕೇಳಿ! ಕಿಸೆ ಇದ್ದರೆ ಅದಕ್ಕೆ ಜಾಳಿಗೆ ಅಥವಾ ತೂತು ಇರಬೇಕು, ಇಲ್ಲದಿದ್ದರೆ ನೀರು ತುಂಬಿ ಚೀಲವಾಗುತ್ತದೆ. ಉದ್ದ ತೊಡೆಯ ನಡುವಿಗೆ ಬಂದರೆ ಸಾಕು. ಅಂಗಡಿಯಲ್ಲಿ ತೊಟ್ಟು ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ, ಬಿಗಿದರೆ ಬೇಡ. ಹೆಸರಾಂತ ಕಂಪನಿಯದೇ ಆಗಬೇಕೆಂದಿಲ್ಲ. ಕಬಡ್ಡಿ ಆಡುವ ಪಾಲಿಯೆಸ್ಟರ್ ಚಡ್ಡಿಗೆ ಲಾಡಿ ಹಾಕಿಸಿದರೆ ಕೆಲಸ ಆಯಿತು. ಊರಿನ ದರ್ಜಿಯೇ ಹಾಕಿಕೊಡುತ್ತಾನೆ.

ಇನ್ನೊಂದು ಮಾತು ಇದೆ, ಅದು ಬಟ್ಟೆಗಿಂತ ಮುಖ್ಯ. ನಮ್ಮ ಕಡೆ ಹುಡುಗರು ಈಜಲು ಹೋಗುವುದು ಬಹುಪಾಲು ಕದ್ದು. ಚಡ್ಡಿ ಒಯ್ದರೆ ಅವ್ವನಿಗೆ ಗೊತ್ತಾಗುತ್ತದೆಂದು ತೊಟ್ಟ ಬಟ್ಟೆಯಲ್ಲೋ ಒಳಚಡ್ಡಿಯಲ್ಲೋ ಇಳಿಯುತ್ತಾರೆ. ಬಿಸಿಲಲ್ಲಿ ಒಣಗಿಸಿಕೊಂಡು ಏನೂ ಅರಿಯದವರಂತೆ ಮನೆಗೆ ಬರುತ್ತಾರೆ. ಅವ್ವ ಮಾತಾಡದೆ ಕೈ ಹಿಡಿದು ಉಗುರಿನಿಂದ ಗೀರುತ್ತಾಳೆ. ಬಿಳಿ ಗೆರೆ ಎದ್ದಿತೋ, ಬೆನ್ನಿಗೆ ಬಿತ್ತು. ಈ ಕಳ್ಳಾಟದ ನಷ್ಟ ಬೆನ್ನಿಗೆ ಬಿದ್ದ ಏಟಲ್ಲ. ಹುಡುಗ ಯಾವ ನೀರಿಗೆ ಹೋಗಿದ್ದಾನೆ, ಜೊತೆಗೆ ಯಾರಿದ್ದಾರೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಂಜೆ ಅವನು ಬಾರದಿದ್ದರೆ ಎಲ್ಲಿ ಹುಡುಕಬೇಕು?

ಆದ್ದರಿಂದ ಚಡ್ಡಿಯನ್ನು ಅಪ್ಪನನ್ನೋ ಕಾಕಾನನ್ನೋ ಅಂಗಡಿಗೆ ಕರೆದುಕೊಂಡು ಹೋಗಿಯೇ ಕೊಳ್ಳಿ. ಈಜು ಬಲ್ಲ ಹಿರಿಯರೊಬ್ಬರು ದಂಡೆಯ ಮೇಲೆ ನಿಲ್ಲುವಂತೆ ಅಂದೇ ಒಪ್ಪಿಸಿ. ಅವರ ಕೈಯಲ್ಲಿ ಒಂದು ಹಗ್ಗ, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನ್ ಇರಲಿ. ಗೆಳೆಯ ಮುಳುಗುತ್ತಿದ್ದರೆ ನೀವು ಹಾರಬೇಡಿ, ಅವನ್ನು ಎಸೆಯಿರಿ.

ಈಜುಕೊಳದಿಂದ ಬಂದರೆ ಚಡ್ಡಿಯನ್ನು ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ. ಕ್ಲೋರಿನ್ ಲೈಕ್ರಾವನ್ನು ತಿನ್ನುತ್ತದೆ. ಬಲವಾಗಿ ಹಿಂಡದೆ ನೆರಳಿನಲ್ಲಿ ಒಣಹಾಕಿ. ಹಿತ್ತಲ ಮೂಲೆಯಲ್ಲಿ ಬಚ್ಚಿಟ್ಟಲ್ಲ, ಅಂಗಳದ ಹಗ್ಗದ ಮೇಲೆ, ಅವ್ವನ ಕಣ್ಣಿಗೆ ಬೀಳುವ ಹಾಗೆ.